ಘಾಟಿ ಹತ್ತುವಾಗ ಕೈಕೊಡುವ ಬೈಕು: ಒಂದು ಪೆಟ್ರೋಲ್ ಫಿಲ್ಟರ್ ಪ್ರಕರಣ

ಗಾಡಿ 2003ರ ಮಾಡೆಲ್. ನೂರು ಸಿಸಿ, ಫೋರ್‌ಸ್ಟ್ರೋಕ್, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವಂಥದ್ದು. ಕಂಪನಿ ಹೆಸರು ಇಲ್ಲಿ ಬೇಡ. ಈ ವಿಷಯದಲ್ಲಿ ಆ ಕಾಲದ ನೂರು ಸಿಸಿ ಗಾಡಿಗಳೆಲ್ಲ ಅಣ್ಣತಮ್ಮಂದಿರೇ. ಓನರ್ ನನ್ನ ದೊಡ್ಡಪ್ಪ. ಆಗುಂಬೆ ಹತ್ತಿರ ಅಡಿಕೆ ತೋಟ, ನಾಲ್ಕು ದನ. ಹೆಬ್ರಿ ಕಡೆ ಕೆಲಸ ಇದ್ದಾಗ ಘಾಟಿ ಇಳಿದು ಹೋಗುತ್ತಾರೆ, ಬರುವಾಗ ಹಿಂದೆ ಒಂದು ಹಿಂಡಿ ಚೀಲ ಕಟ್ಟಿಕೊಂಡು ಹತ್ತುತ್ತಾರೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ತೊಂದರೆ ಶುರುವಾದದ್ದು ಅಲ್ಲೇ.

"ಇಳಿಯುವಾಗ ಏನೂ ಇಲ್ಲ ಮಾರಾಯ. ಹತ್ತುವಾಗ ಅರ್ಧಕ್ಕೆ ಬಂದು ಕೈಕೊಡ್ತದೆ. ಎರಡು ನಿಮಿಷ ನಿಲ್ಸಿದ್ರೆ ಮತ್ತೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಸ್ವಲ್ಪ ದೂರ ಹೋದ್ರೆ ಮತ್ತದೇ ಕತೆ."

ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು. ಇಷ್ಟರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಗಾಡಿ ಒಮ್ಮೆಲೇ ಟಕ್ ಅಂತ ಆಫ್ ಆಗುತ್ತದೋ, ಅಥವಾ ಮೊದಲು ಪಿಕಪ್ ಹೋಗಿ, ಜಂಪ್ ಹೊಡೆದು, ಆಮೇಲೆ ಆಫ್ ಆಗುತ್ತದೋ ಅಂತ ಕೇಳಿದೆ. ಎರಡನೆಯದು ಅಂದರು. ಕರೆಂಟ್ ತೊಂದರೆ ಆದರೆ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಬಿಡುತ್ತದೆ. ಪೆಟ್ರೋಲ್ ಸಾಲದಿದ್ದರೆ ಗಾಡಿ ಮೊದಲು ತಡವರಿಸುತ್ತದೆ. ಇದು ನೂರಕ್ಕೆ ನೂರು ಖಾತ್ರಿಯ ನಿಯಮ ಅಲ್ಲ, ಬಿಸಿಯಾದಾಗ ಕೆಡುವ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಕೂಡ ತಡವರಿಸುವ ನಾಟಕ ಆಡಬಲ್ಲದು. ಆದರೂ ಎಲ್ಲಿಂದ ಹುಡುಕಬೇಕು ಅನ್ನುವುದಕ್ಕೆ ಒಂದು ದಾರಿ ಸಿಕ್ಕಿತು.

ಇನ್ನೊಂದು ಮಾತನ್ನು ಅವರು ಸುಮ್ನೆ ಹೋಗುವಾಗ ಹೇಳಿದ ಹಾಗೆ ಹೇಳಿದರು. "ಫುಲ್ ಟ್ಯಾಂಕ್ ಹಾಕಿದ ದಿನ ಮಾತ್ರ ಘಾಟಿ ಸಲೀಸಾಗಿ ಹತ್ತುತ್ತೆ. ಅರ್ಧ ಆದ್ಮೇಲೆ ಶುರು." ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ಸಿಗಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಅದಕ್ಕೂ ಮೊದಲು ಏನೇನು ಆಗಿತ್ತು

ಆ ವರ್ಷ ಮಳೆಗಾಲ ಪೂರ್ತಿ ಗಾಡಿ ನಿಂತೇ ಇತ್ತು. ಮನೆಯಲ್ಲಿ ಮಗನ ಸ್ಕೂಟರ್ ಇತ್ತು, ಅದರಲ್ಲೇ ಓಡಾಟ. ಬೈಕನ್ನು ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಲ್ಲಿಸಿದ್ದರು. ಟ್ಯಾಂಕಿನಲ್ಲಿ ಪೆಟ್ರೋಲ್ ಒಂದೆರಡು ಲೀಟರ್ ಇದ್ದಿರಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ. ಅಲ್ಲಿ ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಒಳಗೆ ಮುಕ್ಕಾಲು ಪಾಲು ಖಾಲಿ ಇರುವ ಕಬ್ಬಿಣದ ಟ್ಯಾಂಕ್ ಏನಾಗಬಹುದು ಅಂತ ಲೆಕ್ಕ ಹಾಕಿಕೊಳ್ಳಿ.

ದಸರಾ ಕಳೆದ ಮೇಲೆ ಗಾಡಿ ಹೊರಗೆ ತೆಗೆದರು. ಚೋಕ್ ಎಳೆದು ಕಿಕ್ ಹೊಡೆದಾಗ ಸ್ಟಾರ್ಟ್ ಆಯಿತು, ಊರೊಳಗೆ ಓಡಿತು. ಘಾಟಿಯಲ್ಲಿ ನಿಂತಿತು. ಗ್ಯಾರೇಜಿಗೆ ಹೋದರು. ಮೊದಲು ಪ್ಲಗ್ ಬದಲಾಯಿತು, ಏನೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಕೆಲವು ದಿನ ಗಾಡಿ ಹೊಸದರ ಹಾಗೆ ಓಡಿತು, ಮತ್ತೆ ಅದೇ ಶುರುವಾಯಿತು. ಮೂರನೇ ಸಲ ಹೋದಾಗ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಬರುವ ಪೈಪನ್ನು ನಡುವೆ ಕತ್ತರಿಸಿ ಒಂದು ಪ್ಲಾಸ್ಟಿಕ್ ಫಿಲ್ಟರ್ ಸೇರಿಸಿದರು. ಅಲ್ಲಿಂದ ಗಾಡಿ ಇನ್ನೂ ಹದಗೆಟ್ಟಿತು. ಕೊನೆಗೆ ಬಂದ ತೀರ್ಪು: "ಕಾಯಿಲ್ ಹೋಗಿದೆ ಭಟ್ರೇ, ಬದಲಾಯಿಸಬೇಕು."

ಗ್ಯಾರೇಜಿನವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ದಿನಕ್ಕೆ ಹದಿನೈದು ಗಾಡಿ ನೋಡುವವರು ಗಿರಾಕಿ ಹೇಳಿದ ತೊಂದರೆಗೆ ಹೆಚ್ಚಾಗಿ ಕೆಲಸ ಮಾಡುವ ಔಷಧಿಯನ್ನೇ ಮೊದಲು ಕೊಡುತ್ತಾರೆ. ಅವರ ಹತ್ತಿರ ಘಾಟಿ ಇರಲಿಲ್ಲ, ಅಷ್ಟೇ. ಗ್ಯಾರೇಜಿನ ಮುಂದೆ ನಿಲ್ಲಿಸಿ ರೇಸ್ ಮಾಡಿದರೆ ಈ ಗಾಡಿ ಯಾವತ್ತೂ ಆಫ್ ಆಗುತ್ತಿರಲಿಲ್ಲ. ಆದರೆ ಕಾರ್ಬೊರೇಟರ್ ತೊಳೆದ ಮೇಲೆ ಕೆಲವೇ ದಿನ ಸರಿ ಇತ್ತು ಅಂದರೆ ಕಸ ಮೇಲಿನಿಂದ ಬರುತ್ತಲೇ ಇದೆ ಅಂತ ಅರ್ಥ, ಅಲ್ವಾ? ಅಲ್ಲಿ ಟ್ಯಾಂಕಿನ ಕಡೆ ತಲೆ ಎತ್ತಿ ನೋಡಬೇಕಿತ್ತು.

ಪೆಟ್ರೋಲ್ ಇಳಿಯುವ ದಾರಿ

ಇಂಥ ಗಾಡಿಯಲ್ಲಿ ಪಂಪ್ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡರ ನಡುವೆ ಇರುವ ಎತ್ತರ ಒಂದು ಗೇಣಿಗಿಂತ ಹೆಚ್ಚಿಲ್ಲ. 15 ಸೆಂಟಿಮೀಟರ್ ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಒಂದು ಬಾರ್‌ನ ನೂರನೇ ಒಂದು ಭಾಗ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳು ಫ್ಯೂಯಲ್ ಇಂಜೆಕ್ಷನ್ ಆದವು. ಅವುಗಳ ಪಂಪ್ ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಅಂದರೆ ಸುಮಾರು ಮುನ್ನೂರು ಪಟ್ಟು. ಆ ಗಾಡಿಗೆ ಎಷ್ಟು ಸಣ್ಣ ಕಣ್ಣಿನ ಫಿಲ್ಟರ್ ಹಾಕಿದರೂ ಪೆಟ್ರೋಲ್ ನುಗ್ಗಿಕೊಂಡು ಹೋಗುತ್ತದೆ. ಹಳೇ ಗಾಡಿಯಲ್ಲಿ ಆ ನುಗ್ಗುವ ಶಕ್ತಿಯೇ ಇಲ್ಲ. ಫುಲ್ ಟ್ಯಾಂಕ್ ಇದ್ದಾಗ ಸರಿ ಹೋಗುವುದು ಯಾಕೆ ಅಂದರೆ ಇದೇ. ಪೆಟ್ರೋಲಿನ ಮಟ್ಟ ಅರ್ಧ ಗೇಣು ಮೇಲೆ ಹೋದರೆ ಒತ್ತಡ ಅಷ್ಟೇ ಹೆಚ್ಚಾಗುತ್ತದೆ, ಕಟ್ಟಿಕೊಂಡ ಫಿಲ್ಟರಿನಲ್ಲೂ ಹೇಗೋ ಇಳಿಯುತ್ತದೆ.

ದಾರಿಯಲ್ಲಿ ಸೋಸುವ ಜಾಗ ಎರಡು. ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ, ಬಂದ್ ಮಾಡುವ ನಲ್ಲಿ, ಅಂದರೆ ಕಾಕ್ ಇದೆಯಲ್ಲ, ಅದರ ಮೇಲ್ಭಾಗದಿಂದ ಒಂದು ಸಣ್ಣ ಕೊಳವೆ ಟ್ಯಾಂಕಿನ ಒಳಗೆ ನಿಂತಿರುತ್ತದೆ, ಸುತ್ತ ಜಾಲರಿ. ಕಾಕ್ ಆನ್ ಇದ್ದಾಗ ಪೆಟ್ರೋಲ್ ಕೊಳವೆಯ ತುದಿಯಿಂದ ಇಳಿಯುತ್ತದೆ, ರಿಸರ್ವ್‌ಗೆ ತಿರುಗಿಸಿದರೆ ತಳದ ತೂತಿನಿಂದ. ಎರಡನೇ ಜಾಗ ಕಾಕ್‌ನ ಕೆಳಗಿನ ಪುಟ್ಟ ಬಟ್ಟಲು. ಎಲ್ಲ ಗಾಡಿಗೂ ಇದು ಇರುವುದಿಲ್ಲ, ದೊಡ್ಡಪ್ಪನ ಗಾಡಿಗೆ ಇತ್ತು. ನೀರು, ತುಕ್ಕಿನ ಪುಡಿ ಪೆಟ್ರೋಲಿಗಿಂತ ಭಾರ, ಹಾಗಾಗಿ ಆ ಬಟ್ಟಲಿನಲ್ಲಿ ಕೂರುತ್ತವೆ. ಬಟ್ಟಲಿನ ಮೇಲೆ ಇನ್ನೊಂದು ಸಣ್ಣ ಜಾಲರಿ, ಸೋರದ ಹಾಗೆ ಒಂದು ರಬ್ಬರ್ ಬಳೆ, ಅಂದರೆ ಓ-ರಿಂಗ್. ಅಪರೂಪಕ್ಕೊಮ್ಮೆ ಬಿಚ್ಚಿ ಚೆಲ್ಲಲಿ ಅಂತಲೇ ಮಾಡಿಟ್ಟ ಜಾಗ ಅದು. ಈ ಗಾಡಿಯಲ್ಲಿ ಅದರ ತಲೆಗೆ ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ. ಇಪ್ಪತ್ತು ವರ್ಷದ ಧೂಳು, ಎಣ್ಣೆ ಸೇರಿ ಕಪ್ಪು ಪದರ ಕಟ್ಟಿತ್ತು.

ಗ್ಯಾರೇಜಿನವರು ಹಾಕಿದ್ದು ಮೂರನೆಯದು. ಬಿಚ್ಚಿ ನೋಡಿದರೆ ಒಳಗೆ ಮಡಿಕೆ ಮಡಿಕೆ ಕಾಗದ. ಪಂಪ್ ಇರುವ ಗಾಡಿಗೆ ಮಾಡಿದ ಥರದ್ದು. ಅದರ ಉದ್ದಕ್ಕೆ ಪೈಪ್ ಸಾಲದೆ, ಉದ್ದದ ಪೈಪ್ ಹಾಕಿ, ಅದು ಎಂಜಿನ್ ತಲೆಯ ಪಕ್ಕ ಕಮಾನಿನ ಹಾಗೆ ಮೇಲೆದ್ದು ಕೆಳಗಿಳಿದಿತ್ತು. ಮೂರು ತೊಂದರೆ ಒಟ್ಟಿಗೆ. ಕಾಗದದ ಕಣ್ಣು ಸಣ್ಣ. ಪೈಪ್ ಮೇಲೆದ್ದಲ್ಲಿ ಗಾಳಿ ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ, ಎಂಜಿನ್ ಬಿಸಿಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಇನ್ನೂ ದೊಡ್ಡದಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಪೆಟ್ರೋಲಿನ ಜೊತೆ ನೀರು ಬಂದರೆ ಕಾಗದ ನೀರು ಕುಡಿದು ಉಬ್ಬುತ್ತದೆ. ಒಮ್ಮೆ ಒದ್ದೆಯಾದ ಕಾಗದ ಪೆಟ್ರೋಲನ್ನು ಸರಿಯಾಗಿ ಬಿಡುವುದಿಲ್ಲ.

ಮೂರು ಪರೀಕ್ಷೆ

ಗಾಡಿ ಬಿಚ್ಚುವ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಬೇಕು. ಮೊದಲನೆಯದು ಟ್ಯಾಂಕಿನ ಮುಚ್ಚಳ. ಮುಚ್ಚಳದಲ್ಲಿ ಗಾಳಿ ಒಳಗೆ ಬರಲು ಒಂದು ಸೂಜಿಯಷ್ಟು ತೂತು ಇರುತ್ತದೆ. ಅದು ಮುಚ್ಚಿಹೋದರೆ ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕಡಿಮೆಯಾಗಿ ಪೆಟ್ರೋಲ್ ನಿಂತುಬಿಡುತ್ತದೆ. ಲಕ್ಷಣ ಥೇಟ್ ಇದೇ: ಸ್ವಲ್ಪ ದೂರ ಓಡಿ ಆಫ್, ನಿಲ್ಲಿಸಿದರೆ ಸರಿ. ಹಾಗಾಗಿ ಘಾಟಿಯಲ್ಲಿ ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆದೆವು. ಉಸ್ಸ್ ಅಂತ ಗಾಳಿ ಎಳೆದುಕೊಳ್ಳುವ ಸದ್ದು ಬರಲಿಲ್ಲ. ಮುಚ್ಚಳ ಸಡಿಲ ಬಿಟ್ಟು ಹತ್ತಿಸಿದಾಗಲೂ ಕೈಕೊಟ್ಟಿತು. ಮುಚ್ಚಳ ನಿರಪರಾಧಿ. ಅಂದರೆ ಆ ತೂತಿನ ಮಟ್ಟಿಗೆ ನಿರಪರಾಧಿ. ಅದರ ಇನ್ನೊಂದು ಅಪರಾಧ ಆಮೇಲೆ ಸಿಕ್ಕಿತು.

ಎರಡನೆಯದು ಕಾಯಿಲ್ ವಿಷಯ ಇತ್ಯರ್ಥ ಮಾಡುವಂಥದ್ದು. ಗಾಡಿ ನಿಂತ ಕ್ಷಣವೇ ಕಾಕ್ ಬಂದ್ ಮಾಡಿ ಕಾರ್ಬೊರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಬೇಕು. ಕೆಳಗೆ ಒಂದು ಸಣ್ಣ ಬಾಟಲಿ ಹಿಡಿದಿರಬೇಕು, ಸೈಲೆನ್ಸರ್ ಬಿಸಿ ಇರುತ್ತದೆ, ಅದರ ಮೇಲೆ ಬೀಳಿಸಬಾರದು. ಕಾರ್ಬೊರೇಟರಿನ ಒಳಗೂ ಪೆಟ್ರೋಲ್ ನಿಲ್ಲುವ ಒಂದು ಬಟ್ಟಲಿದೆ, ಅದು ತುಂಬಿದ್ದೂ ಗಾಡಿ ನಿಂತಿದ್ದರೆ ಕರೆಂಟ್ ಕಡೆ ಹೋಗಬೇಕು. ಇಲ್ಲಿ ಬಂದದ್ದು ಕೆಲವು ಹನಿ. ಬಟ್ಟಲು ಒಣಗಿತ್ತು. ಕಾಯಿಲ್ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು.

ಮೂರನೆಯದು ಮನೆ ಅಂಗಳದಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಕಾರ್ಬೊರೇಟರಿನ ಕಡೆಯ ಪೈಪ್ ಬಿಚ್ಚಿ ಅಳತೆ ಗೆರೆ ಇರುವ ಬಾಟಲಿಗೆ ಬಿಟ್ಟು ಕಾಕ್ ಆನ್ ಮಾಡಿ ಗಡಿಯಾರ ನೋಡಿದೆವು. ಟ್ಯಾಂಕ್ ಅರ್ಧ ಇತ್ತು. ಮೊದಲ ನಿಮಿಷಕ್ಕೆ 45 ಮಿಲಿ. ಎರಡನೇ ನಿಮಿಷಕ್ಕೆ 20. ಮೂರನೇ ನಿಮಿಷದಲ್ಲಿ ಧಾರೆ ಹೋಗಿ ಹನಿ ಹನಿ. ಕಾಗದದ ಫಿಲ್ಟರ್ ತೆಗೆದು ನೇರ ಕಾಕ್‌ನಿಂದ ಬಿಟ್ಟರೆ ನಿಮಿಷಕ್ಕೆ 90ರ ಹತ್ತಿರ, ಅದೂ ಕಡಿಮೆಯಾಗುತ್ತಾ ಬಂತು. ರಿಸರ್ವ್‌ಗೆ ತಿರುಗಿಸಿದರೆ ಇನ್ನೂ ಕಮ್ಮಿ. ತಳದ ಕಸ ಎಲ್ಲ ಅಲ್ಲೇ ಕೂತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗ ಗಾಡಿಗೆ ಬೇಕಾಗುವುದು ಎಷ್ಟು? ಲೆಕ್ಕ ಸುಲಭ. ಸಪಾಟು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಲೀಟರಿಗೆ 60 ಕೊಡುತ್ತದೆ ಅಂದುಕೊಳ್ಳಿ. ಗಂಟೆಗೆ ಸುಮಾರು 830 ಮಿಲಿ, ನಿಮಿಷಕ್ಕೆ 14. ಘಾಟಿಯಲ್ಲಿ ಹಿಂಡಿ ಚೀಲ ಹೊತ್ತು ಎರಡನೇ ಗೇರಿನಲ್ಲಿ ಹತ್ತುವಾಗ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೆ 35 ಕಿಲೋಮೀಟರ್, ಲೀಟರಿಗೆ 30 ಅಂದರೆ ನಿಮಿಷಕ್ಕೆ ಸುಮಾರು 20 ಮಿಲಿ. ಐಡಲ್‌ನಲ್ಲಿ ನಿಂತಾಗ ಇದರ ಕಾಲು ಭಾಗವೂ ಬೇಡ. ಇನ್ನು ನಾವು ಅಳೆದದ್ದು ತೆರೆದ ಪೈಪಿನಿಂದ ಬಿದ್ದದ್ದು. ಗಾಡಿ ಓಡುವಾಗ ಅದೇ ಪೆಟ್ರೋಲ್ ಕಾರ್ಬೊರೇಟರಿನ ಬಟ್ಟಲಿಗೆ ಪೆಟ್ರೋಲ್ ಬಿಡುವ, ತುಂಬಿದಾಗ ಮುಚ್ಚುವ ಫ್ಲೋಟಿನ ಸೂಜಿ ಕವಾಟದ ಸಣ್ಣ ತೂತು ದಾಟಿ ಹೋಗಬೇಕು, ಅಲ್ಲಿ ಇನ್ನೂ ಕಡಿಮೆಯಾಗುತ್ತದೆ. ಮೂರನೇ ನಿಮಿಷಕ್ಕೆ ಹನಿಯಾಗುವ ಧಾರೆಗೆ ಘಾಟಿ ಹತ್ತಿಸುವ ತಾಕತ್ತಿಲ್ಲ. ಗಾಡಿ ನಿಂತು ಎರಡು ನಿಮಿಷ ಕಾದರೆ ಹನಿ ಹನಿಯಾಗಿ ಬಟ್ಟಲು ತುಂಬುತ್ತದೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ದೊಡ್ಡಪ್ಪ ಹೇಳಿದ ಪ್ರತಿ ಮಾತಿಗೂ ಉತ್ತರ ಈ ಬಾಟಲಿಯಲ್ಲೇ ಇತ್ತು.

ಬಿಚ್ಚಿದಾಗ ಕಂಡದ್ದು

ಬ್ಯಾಟರಿ ವೈರ್ ತೆಗೆದಿಟ್ಟು, ಅಡುಗೆಮನೆಯಿಂದ ದೂರ ಅಂಗಳದ ತುದಿಗೆ ಗಾಡಿ ತಂದೆವು. ದೊಡ್ಡಪ್ಪನಿಗೆ ಕವಳದ ಚಟ, ಬೀಡಿ ಇಲ್ಲ, ಪುಣ್ಯ. ಕಾಕ್ ಬಂದ್ ಮಾಡಿ ಕೆಳಗಿನ ಬಟ್ಟಲನ್ನು 10 ನಂಬರ್ ಸ್ಪ್ಯಾನರಿನಲ್ಲಿ ಸಡಿಲಿಸಿದೆ. ಜೋರು ಮಾಡಬಾರದು. ಕಾಕ್‌ನ ಮೈ ಮೆದು ಲೋಹ, ಅದರ ಮರೆ (ಥ್ರೆಡ್) ಕಿತ್ತು ಬಂದರೆ ಕಾಕ್ ಪೂರ್ತಿ ಬದಲಾಯಿಸಬೇಕು. ಸುತ್ತ ಸ್ವಲ್ಪ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟದ್ದು ಇದಕ್ಕೇ.

ಬಟ್ಟಲನ್ನು ಸ್ಟೀಲ್ ತಟ್ಟೆಗೆ ಬಗ್ಗಿಸಿದಾಗ ಮೇಲೆ ತಿಳಿ ಪೆಟ್ರೋಲ್, ಅದರ ಕೆಳಗೆ ಒಂದು ದೊಡ್ಡ ನೀರಿನ ಗುಂಡು. ತಟ್ಟೆ ಅಲ್ಲಾಡಿಸಿದರೆ ಅದು ಪೆಟ್ರೋಲಿನೊಳಗೇ ಅತ್ತ ಇತ್ತ ಉರುಳುತ್ತಿತ್ತು, ಬೆರೆಯುತ್ತಿರಲಿಲ್ಲ. ನೀರಿನೊಳಗೆ ಕಷಾಯದ ಗಸಿಯ ಹಾಗೆ ಕಂದು ಪುಡಿ. ಬೆರಳಿನಿಂದ ಉಜ್ಜಿದರೆ ಗರಗರ ಅನ್ನುವ ಕಣಗಳೂ ಇದ್ದವು, ಅಂಟು ಅಂಟಾದ ಕಂದು ಮೆತ್ತುವೂ ಇತ್ತು. ಗರಗರ ಅನ್ನುವುದು ತುಕ್ಕು. ಅಂಟು ಹಳೇ ಪೆಟ್ರೋಲ್ ನಿಂತಲ್ಲೇ ಒಣಗಿ ಗೋಂದಾದದ್ದು. ಓ-ರಿಂಗ್ ಉಬ್ಬಿ ಅದರ ಕಾಲುವೆಯಲ್ಲಿ ಮತ್ತೆ ಕೂರಲೇ ಇಲ್ಲ.

ಕಾಕ್ ಪೂರ್ತಿ ಬಿಚ್ಚಿ ತೆಗೆದೆವು. ಟ್ಯಾಂಕಿನೊಳಗಿದ್ದ ಜಾಲರಿ ಕೊಳವೆಯ ಕೆಳಗಿನ ಅರ್ಧ ಗೋಂದಿನಿಂದ ಮುಚ್ಚಿತ್ತು. ಮೇಲೆ ಒಂದು ಕಡೆ ಜಾಲರಿ ಹರಿದಿತ್ತು. ಆ ಹರಿದ ಜಾಗದಿಂದಲೇ ತುಕ್ಕಿನ ಪುಡಿ ಕಾರ್ಬೊರೇಟರಿಗೆ ಹೋಗಿ ಜೆಟ್ (ಪೆಟ್ರೋಲ್ ಹಾಯುವ ಸೂಜಿಯಷ್ಟು ತೂತು) ಕಟ್ಟಿಸುತ್ತಿದ್ದದ್ದು. ಅಂದರೆ ಒಂದೇ ಜಾಲರಿ ಎರಡು ವಿರುದ್ಧ ತಪ್ಪು ಮಾಡುತ್ತಿತ್ತು: ಪೆಟ್ರೋಲನ್ನು ತಡೆಯುತ್ತಿತ್ತು, ಕಸವನ್ನು ಬಿಡುತ್ತಿತ್ತು. ಕಾರ್ಬೊರೇಟರಿನ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಟ್ಟಿತ್ತು. ನೀರು ನಿಂತು ಲೋಹ ತಿಂದ ಗುರುತು ಅದು.

ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ನೋಡಿದರೆ ಮೇಲ್ಭಾಗದ ಗೋಡೆ ಪೂರ್ತಿ ಕೆಂಪು. ಪೆಟ್ರೋಲ್ ಮುಳುಗಿದ್ದ ಕೆಳಭಾಗ ಸುಮಾರಾಗಿ ಚೆನ್ನಾಗಿತ್ತು, ತಳದ ಮೂಲೆ ಬಿಟ್ಟು. ಖಾಲಿ ಜಾಗದಲ್ಲಿ ತೇವ ಗಾಳಿ ನಿಂತು ತುಕ್ಕು ಹಿಡಿದಿದೆ. ಆದರೆ ಬಟ್ಟಲಿನಲ್ಲಿ ಕಂಡಷ್ಟು ನೀರು ಬರೀ ಗಾಳಿಯ ತೇವದಿಂದ ಬರುವುದಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಒಣಗಿ ಮೂರು ಕಡೆ ಬಿರುಕು. ಆಮೇಲೆ ಗಾಡಿ ನಿಂತಿದ್ದ ಮಾಡಿನ ಕೆಳಗೆ ಹೋಗಿ ತಲೆ ಎತ್ತಿದೆವು. ಟ್ಯಾಂಕಿನ ನೇರಕ್ಕೆ ಒಂದು ಹಂಚು ಒಡೆದಿತ್ತು. ಮೂರು ತಿಂಗಳು ಹನಿ ಬಿದ್ದದ್ದು ಸೀದಾ ಮುಚ್ಚಳದ ಮೇಲೆ.

ಬಂಕಿನವರ ಮೇಲಿನ ಸಿಟ್ಟು

ಇಷ್ಟು ಕಂಡರೂ ದೊಡ್ಡಪ್ಪನ ಸಂಶಯ ಬಂಕಿನ ಮೇಲೆಯೇ. "ಈಗಿನ ಪೆಟ್ರೋಲ್ ಪೆಟ್ರೋಲಾ? ಎಲ್ಲ ಕಲಬೆರಕೆ." ಈ ಮಾತನ್ನು ತಳ್ಳಿಹಾಕುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು ಅನ್ನಿಸಿತು. ಅಳತೆ ಗ್ಲಾಸಿಗೆ 20 ಮಿಲಿ ನೀರು, ಅದರ ಮೇಲೆ ಬಂಕಿನಿಂದ ಆಗಷ್ಟೇ ತಂದ ಪೆಟ್ರೋಲ್ 80 ಮಿಲಿ. ಮುಚ್ಚಿ ಚೆನ್ನಾಗಿ ಕಲಕಿ ಬಿಟ್ಟರೆ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. 20ರಲ್ಲಿದ್ದ ಗೆರೆ 35ರ ಆಸುಪಾಸಿಗೆ ಏರಿತು. 80ರಲ್ಲಿ ಸುಮಾರು 16 ಎಥೆನಾಲ್, ಅಂದರೆ ಶೇಕಡಾ 20. ಈಗ ದೇಶದಲ್ಲಿ ಮಾರುವ ಪೆಟ್ರೋಲ್ ಇರಬೇಕಾದದ್ದೇ ಹಾಗೆ. ಬಂಕಿನವರದು ತಪ್ಪಿಲ್ಲ. ಕಲಕುವ ಮೊದಲು ಆ ಪೆಟ್ರೋಲಿನ ತಳದಲ್ಲಿ ನೀರೂ ಇರಲಿಲ್ಲ.

ಆದರೆ ದೊಡ್ಡಪ್ಪನ ಮಾತಿನಲ್ಲಿ ಹುರುಳಿಲ್ಲ ಅಂತಲೂ ಅಲ್ಲ. ಎಥೆನಾಲ್ ಬೆರೆಸುವ ಯೋಜನೆ ಶೇಕಡಾ 5ರಿಂದ ಶುರುವಾದದ್ದು 2003ರಲ್ಲಿ, ಈ ಗಾಡಿ ಹುಟ್ಟಿದ ವರ್ಷ. 2022ರ ಜೂನ್ ಹೊತ್ತಿಗೆ ಶೇಕಡಾ 10 ಮುಟ್ಟಿತು. 20ರ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2025ರಲ್ಲಿ ದೇಶ ಆ ಗುರಿ ಮುಟ್ಟಿತು. 2003ರ ಗಾಡಿಯ ಓ-ರಿಂಗ್, ಪೈಪ್, ಫ್ಲೋಟಿನ ಸೂಜಿಯ ರಬ್ಬರ್ ತುದಿ ಇವೆಲ್ಲ ಇಷ್ಟು ಎಥೆನಾಲ್ ನೆನಪಿಟ್ಟು ಮಾಡಿದ್ದಲ್ಲ. ಕೆಲವು ಉಬ್ಬುತ್ತವೆ, ಕೆಲವು ಗಟ್ಟಿಯಾಗಿ ಸೀಳುತ್ತವೆ. ಜೊತೆಗೆ ಎಥೆನಾಲ್ ಒಳ್ಳೆಯ ಕರಗಿಸುವ ದ್ರವ. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಗೋಂದನ್ನು ಎಬ್ಬಿಸಿ ಫಿಲ್ಟರಿಗೆ ತಂದು ಬಿಡುತ್ತದೆ. ಹಳೇ ಗಾಡಿಗಳಲ್ಲಿ ಈಚೆಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನೀರಿನ ವಿಷಯದಲ್ಲಿ ಅದರ ನಡತೆ ಇನ್ನೂ ವಿಚಿತ್ರ. ಸ್ವಲ್ಪ ನೀರಿದ್ದರೆ ಎಥೆನಾಲ್ ಅದನ್ನು ತನ್ನಲ್ಲಿ ಇಟ್ಟುಕೊಂಡು ಪೆಟ್ರೋಲಿನ ಜೊತೆ ಎಂಜಿನ್‌ಗೆ ಸಾಗಿಸಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಆ ತಳದ ದ್ರವ ಎಂಜಿನ್‌ನಲ್ಲಿ ಸರಿಯಾಗಿ ಉರಿಯುವುದೂ ಇಲ್ಲ, ಕಬ್ಬಿಣಕ್ಕೂ ಒಳ್ಳೆಯದಲ್ಲ. ಒಡೆದ ಹಂಚಿನ ಹನಿ ಮೂರು ತಿಂಗಳು ಬಿದ್ದ ಟ್ಯಾಂಕಿನಲ್ಲಿ ಆದದ್ದು ಇದೇ.

ರಿಪೇರಿ

ಇಲ್ಲಿ ಒಂದು ಸುಲಭದ ದಾರಿ ಇತ್ತು. ಕಾಗದದ ಫಿಲ್ಟರ್ ಎಸೆದು ಹೊಸದು ಹಾಕುವುದು. ಗಾಡಿ ಒಂದು ವಾರ ಓಡುತ್ತಿತ್ತು. ಟ್ಯಾಂಕ್ ಹಾಗೇ ಇರುವವರೆಗೆ ಎಷ್ಟು ಫಿಲ್ಟರ್ ಬದಲಾಯಿಸಿದರೂ ಅಷ್ಟೇ. ಕಟ್ಟಿಕೊಂಡ ಫಿಲ್ಟರ್ ಕೆಟ್ಟ ಫಿಲ್ಟರ್ ಅಲ್ಲ, ತನ್ನ ಕೆಲಸ ಮಾಡಿದ ಫಿಲ್ಟರ್. ಅದಕ್ಕೆ ಕಸ ಕಳಿಸಿದವರು ಯಾರು ಅಂತ ಕೇಳಬೇಕು.

ಟ್ಯಾಂಕ್ ಇಳಿಸಿ, ಉಳಿದ ಪೆಟ್ರೋಲ್ ಖಾಲಿ ಮಾಡಿ, ಕಾಕ್ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿದೆವು. ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಮೊದಲು ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಎಣ್ಣೆ, ಗೋಂದು ತೆಗೆದೆವು. ಎಣ್ಣೆ ಇದ್ದರೆ ಆಸಿಡ್ ತುಕ್ಕಿಗೆ ತಾಗುವುದಿಲ್ಲ. ಆಮೇಲೆ ಸಿಟ್ರಿಕ್ ಆಸಿಡ್. ಬಿಸಿ ನೀರಿಗೆ ಲೀಟರಿಗೆ 75 ಗ್ರಾಂ ಲೆಕ್ಕದಲ್ಲಿ ಕರಗಿಸಿ ಟ್ಯಾಂಕನ್ನು ಬಾಯಿಯವರೆಗೂ ತುಂಬಿಸಿದೆವು. ತುಕ್ಕು ಇರುವುದು ಮೇಲ್ಭಾಗದಲ್ಲಿ, ಅರ್ಧ ತುಂಬಿಸಿದರೆ ಪ್ರಯೋಜನ ಇಲ್ಲ. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಪಾತ್ರೆ ಬೆಳಗಿದವರಿಗೆ ಹುಳಿ ಏನು ಮಾಡುತ್ತದೆ ಅಂತ ಹೇಳಿಕೊಡಬೇಕಿಲ್ಲ. ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಸ್ವಲ್ಪ ದ್ರವ ತೆಗೆದು, ಒಳಗೆ ಒಂದು ಹಿಡಿ ಸಣ್ಣ ನಟ್‌ಗಳನ್ನು ಹಾಕಿ ಕುಲುಕಿದೆವು. ಎಷ್ಟು ನಟ್ ಹಾಕಿದಿರಿ ಅಂತ ಎಣಿಸಿ ಇಟ್ಟುಕೊಳ್ಳಿ. ತೆಗೆಯುವಾಗ ಅಷ್ಟೂ ಬರಬೇಕು.

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ಅದು ತುಕ್ಕಿನ ಜೊತೆ ಟ್ಯಾಂಕಿನ ತಗಡನ್ನೂ ತಿನ್ನುತ್ತದೆ, ಹೊರಗಿನ ಪೇಂಟನ್ನೂ ಎಬ್ಬಿಸುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಗಾಳಿಯನ್ನೂ ಬಿಡುತ್ತದೆ. ಬೇಡ.

ಆಸಿಡ್ ಚೆಲ್ಲಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಒಮ್ಮೆ ತೊಳೆದೆವು. ಇದರ ಮುಂದಿನ ಹೆಜ್ಜೆಯಲ್ಲೇ ತುಂಬಾ ಜನ ಎಡವುತ್ತಾರೆ. ತೊಳೆದ ಕಬ್ಬಿಣ ಬರಿಮೈಯಲ್ಲಿರುತ್ತದೆ, ಒದ್ದೆ ಬಿಟ್ಟರೆ ಗಂಟೆಯೊಳಗೆ ಮತ್ತೆ ಕಿತ್ತಳೆ ಬಣ್ಣ. ಕೂಡಲೇ ಒಣಗಿಸಬೇಕು. ಸೊಸೆಯ ಹೇರ್ ಡ್ರೈಯರ್ ಕೆಲಸಕ್ಕೆ ಬಂತು. ಟ್ಯಾಂಕಿನಲ್ಲಿ ಪೆಟ್ರೋಲ್ ವಾಸನೆ ಒಂಚೂರೂ ಉಳಿದಿಲ್ಲ ಅಂತ ಖಾತ್ರಿ ಆದ ಮೇಲೆ ಮಾತ್ರ ಇದನ್ನು ಮಾಡಬೇಕು. ಒಣಗಿದ ತಕ್ಷಣ ಸ್ವಲ್ಪ ಟೂಟಿ (2T) ಎಣ್ಣೆ, ಅಂದರೆ ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ ಹಾಕಿ ಟ್ಯಾಂಕನ್ನು ಎಲ್ಲ ಕಡೆ ತಿರುಗಿಸಿ ಒಳಮೈಗೆ ಸವರಿದೆವು. ಹೊರಬಂದ ಹುಳಿ ನೀರನ್ನು, ಹಳೇ ಪೆಟ್ರೋಲನ್ನು ತೋಟಕ್ಕೆ ಬಿಡಲಿಲ್ಲ. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ ಚೈನ್ ತೊಳೆಯಲು ಇಟ್ಟರು.

ಒಳಗೆ ಎಪಾಕ್ಸಿ ಕೋಟಿಂಗ್ ಹಾಕಿಸುವ ಮಾತು ಬಂತು. ನಾನು ಬೇಡ ಅಂದೆ. ಕೋಟಿಂಗ್ ಸರಿಯಾಗಿ ಹಿಡಿದರೆ ಚಂದ. ಒಂದು ಮೂಲೆಯಲ್ಲಿ ಎದ್ದರೂ ಅದರ ಸಿಪ್ಪೆ ಬಂದು ಕಾಕ್‌ನಲ್ಲಿ ಕೂರುತ್ತದೆ, ಎಲ್ಲ ಕೋಟಿಂಗೂ ಎಥೆನಾಲಿಗೆ ತಡೆಯುವುದಿಲ್ಲ. ತಗಡು ತೂತಾಗಿಲ್ಲದ ಟ್ಯಾಂಕಿಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ.

ಕಾಕ್ ಹೊಸದೇ ಹಾಕಿದೆವು, ಜಾಲರಿ ಹರಿದದ್ದನ್ನು ಹೊಲಿಯಲು ಆಗುವುದಿಲ್ಲವಲ್ಲ. ಬಟ್ಟಲಿಗೆ ಹೊಸ ಓ-ರಿಂಗ್. ಗಟ್ಟಿಯಾಗಿ ಹಳದಿಯಾಗಿದ್ದ ಪ್ಲಾಸ್ಟಿಕ್ ಪೈಪ್ ಬದಲು ಪೆಟ್ರೋಲಿಗೆಂದೇ ಮಾಡಿದ ಕಪ್ಪು ರಬ್ಬರ್ ಪೈಪ್, ಎರಡೂ ತುದಿಗೆ ಕ್ಲಿಪ್. ಪೈಪಿನ ಉದ್ದ ಎಷ್ಟು ಬೇಕೋ ಅಷ್ಟೇ, ಎಲ್ಲೂ ಮೇಲೇಳದ ಹಾಗೆ. ಮುಚ್ಚಳಕ್ಕೆ ಹೊಸ ವಾಷರ್. ಮಾಡಿಗೆ ಹೊಸ ಹಂಚು. ರಿಪೇರಿ ಪಟ್ಟಿಯಲ್ಲಿ ಅತಿ ಅಗ್ಗದ ಐಟಂ ಅದೇ.

ನಡುವಿನ ಫಿಲ್ಟರ್ ಬೇಕೋ ಬೇಡವೋ? ಕಾಕ್‌ನ ಜಾಲರಿ, ಬಟ್ಟಲು ಎರಡೂ ಸರಿ ಇದ್ದರೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಂಪನಿಯವರು ಅದಿಲ್ಲದೆಯೇ ಗಾಡಿ ಕೊಟ್ಟಿದ್ದರು. ಆದರೆ ತುಕ್ಕು ತೊಳೆದ ಟ್ಯಾಂಕಿನಿಂದ ಮೊದಲ ಕೆಲವು ಫುಲ್ ಟ್ಯಾಂಕ್‌ವರೆಗೆ ಅಳಿದುಳಿದ ಪುಡಿ ಬಂದೇ ಬರುತ್ತದೆ. ಅಷ್ಟು ಕಾಲಕ್ಕೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದೆವು, ಒಳಗೆ ಕಾಗದ ಅಲ್ಲ, ನೈಲಾನ್ ಜಾಲರಿ. ಮೈಮೇಲಿನ ಬಾಣದ ಗುರುತು ಕಾರ್ಬೊರೇಟರಿನ ಕಡೆಗಿರಬೇಕು. ಫಿಲ್ಟರ್ ಇಳಿಜಾರಾಗಿ ಕೂರಬೇಕು, ಎಂಜಿನ್‌ಗೆ ತಾಗಬಾರದು. ಅದರೊಳಗೆ ಅರ್ಧ ಗಾಳಿ ಕಂಡರೆ ಗಾಬರಿ ಬೇಡ, ಪಂಪ್ ಇಲ್ಲದ ಗಾಡಿಯಲ್ಲಿ ಅದು ಮಾಮೂಲು. ಪೆಟ್ರೋಲ್ ಹರಿಯುತ್ತಿದೆಯೋ ಅನ್ನುವುದು ಮುಖ್ಯ.

ಎಲ್ಲ ಜೋಡಿಸಿ ಅದೇ ಬಾಟಲಿ ಹಿಡಿದು ಅಳೆದೆವು. ಅರ್ಧ ಟ್ಯಾಂಕಿನಲ್ಲಿ ನಿಮಿಷಕ್ಕೆ 300 ಮಿಲಿಗಿಂತ ಜಾಸ್ತಿ, ಮೂರನೇ ನಿಮಿಷದಲ್ಲೂ ಅಷ್ಟೇ ಧಾರೆ. ಆನ್, ರಿಸರ್ವ್ ಎರಡರಲ್ಲೂ. ಘಾಟಿಯ ಬುಡದ ಸೋಮೇಶ್ವರದಿಂದ ಹಿಂಡಿ ಚೀಲ ಹೊತ್ತು ಹತ್ತಿಸಿದಾಗ 14 ತಿರುವೂ ಒಂದೇ ಉಸಿರಿಗೆ ಮುಗಿದವು. ಕಾಯಿಲ್ ಮಾತ್ರ ಬದಲಾಯಿಸಲಿಲ್ಲ, ಹಳೆಯದೇ ಇದೆ.

ಆಮೇಲಿನ ಆರೈಕೆ

ದೊಡ್ಡಪ್ಪ ಈಗ ಎಂಜಿನ್ ಆಯಿಲ್ ಬದಲಾಯಿಸುವಾಗಲೆಲ್ಲ ಕಾಕ್‌ನ ಬಟ್ಟಲು ಬಿಚ್ಚಿ ತಟ್ಟೆಗೆ ಸುರಿದು ನೋಡುತ್ತಾರೆ. ಐದು ನಿಮಿಷದ ಕೆಲಸ. ನೀರಿನ ಗುಂಡು ಕಂಡರೆ ಮುಚ್ಚಳದ ವಾಷರ್ ನೋಡಬೇಕು, ಕಂದು ಪುಡಿ ಕಂಡರೆ ಟ್ಯಾಂಕ್. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿ ಇಡುತ್ತಾರೆ, ಖಾಲಿ ಜಾಗ ಇಲ್ಲದಿದ್ದರೆ ತುಕ್ಕಿಗೂ ಜಾಗ ಇಲ್ಲ. ಕಾಕ್ ಬಂದ್ ಮಾಡಿ ಗಾಡಿ ತಾನಾಗಿ ಆಫ್ ಆಗುವವರೆಗೆ ಓಡಲು ಬಿಡುತ್ತಾರೆ, ಕಾರ್ಬೊರೇಟರಿನ ಬಟ್ಟಲು ಖಾಲಿಯಾಗಲಿ ಅಂತ. ಆದರೆ ಎಥೆನಾಲ್ ಪೆಟ್ರೋಲನ್ನು ತುಂಬಿಸಿ ತಿಂಗಳುಗಟ್ಟಲೆ ಬಿಟ್ಟರೂ ಒಳ್ಳೆಯದಲ್ಲ. ಹಾಗಾಗಿ ಮಳೆ ಬಿಟ್ಟ ದಿನ ನೋಡಿ ಆಗಾಗ ಗಾಡಿಯನ್ನು ತೀರ್ಥಹಳ್ಳಿವರೆಗೆ ಓಡಿಸಿಕೊಂಡು ಬನ್ನಿ ಅಂದೆ. ಅದನ್ನು ಅವರು ಖುಷಿಯಿಂದ ಒಪ್ಪಿಕೊಂಡರು.

ನೈಲಾನ್ ಫಿಲ್ಟರಿನಲ್ಲಿ ಮೊದಮೊದಲು ಕಂದು ಪುಡಿ ಕೂತಿತ್ತು, ಒಮ್ಮೆ ಬದಲಾಯಿಸಿದರು. ಎರಡನೆಯದು ಸುಮಾರಾಗಿ ಸ್ವಚ್ಛವೇ ಇದೆ. ಟ್ಯಾಂಕಿನ ತಳದ ಅಂಚಿನ ವೆಲ್ಡಿಂಗ್ ಹತ್ತಿರ ಪೇಂಟ್ ಸ್ವಲ್ಪ ಉಬ್ಬಿದೆ. ಒಳಗಿನಿಂದ ತುಕ್ಕು ಅಲ್ಲಿಯವರೆಗೆ ಬಂದಿರುವ ಸಾಧ್ಯತೆ ಇದೆ. ಪೆಟ್ರೋಲ್ ವಾಸನೆ ಬಂದರೆ ಅಥವಾ ಅಲ್ಲಿ ತೇವ ಕಂಡರೆ ಬೆಸುಗೆ ಹಾಕಿಸಲು ಹೋಗದೆ ಟ್ಯಾಂಕನ್ನೇ ಬದಲಾಯಿಸಬೇಕು ಅಂತ ಹೇಳಿದ್ದೇನೆ. ದೊಡ್ಡಪ್ಪ ಈಗಲೇ ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಅದೇ ಮಾಡೆಲ್ಲಿನ ಟ್ಯಾಂಕ್ ವಿಚಾರಿಸಲು ಶುರು ಮಾಡಿದ್ದಾರೆ, ಅದೇ ಬಣ್ಣದ್ದೇ ಬೇಕಂತೆ.